ಲೈಸೆನ್ಸ್ ಬಂದರೂ ತೆರೆಯದ ಹ್ಯಾಂಗರಿನ ಬಾಗಿಲು

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದು, ನಮ್ಮ ಸಂಘ-ಸಂಸ್ಥೆಗಳ ಸಭಾಗೃಹಗಳಲ್ಲಿ ಪುಸ್ತಕ ವಿತರಣೆ, ವಿದ್ಯಾರ್ಥಿವೇತನ, ಪ್ರತಿಭಾ ಪುರಸ್ಕಾರದ ಸಮಾರಂಭಗಳು ಒಂದರ ಹಿಂದೆ ಒಂದರಂತೆ ಜರಗುವ ಕಾಲವಿದು. ವೇದಿಕೆಗೆ ಬಂದ ಮಕ್ಕಳನ್ನು ಮುಂದೆ ಏನು ಓದುತ್ತೀ ಎಂದು ಕೇಳಿದರೆ ಹಿಂದೆಲ್ಲ ಡಾಕ್ಟರ್, ಎಂಜಿನಿಯರ್, ಸಿ.ಎ. ಎಂಬ ಮೂರೇ ಉತ್ತರ. ಈಗ ನಾಲ್ಕನೆಯದೊಂದು ಸೇರಿಕೊಂಡಿದೆ: 'ವಿಮಾನದ ಎಂಜಿನಿಯರ್'. ಆಶ್ಚರ್ಯವೇನಿಲ್ಲ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ಹೊಸ ವಿಮಾನಗಳಿಗೆ ಆರ್ಡರ್ ಕೊಟ್ಟವು. 2025ರ ಅಕ್ಟೋಬರಿನಲ್ಲಿ ನವಿ ಮುಂಬಯಿ ವಿಮಾನ ನಿಲ್ದಾಣ ಉದ್ಘಾಟನೆಗೊಂಡಿತು. ಇಷ್ಟು ವಿಮಾನ ಬಂದರೆ ಅವನ್ನು ನೋಡಿಕೊಳ್ಳಲು ಜನ ಬೇಡವೇ ಎಂದು ನಮ್ಮ ಮನೆಗಳಲ್ಲಿ ತಂದೆ-ತಾಯಂದಿರು ಮಾತಾಡಿಕೊಳ್ಳುತ್ತಾರೆ.

ಬೇಕು. ಆದರೆ ಎಂಥ ಜನ ಬೇಕು ಎಂಬುದನ್ನು ಹಣ ಕಟ್ಟುವ ಮೊದಲು ಯಾರೂ ಕೇಳುತ್ತಿಲ್ಲ. ಈ ಅಂಕಣದಲ್ಲಿ ಇಂದು ಆ ವಿಚಾರವನ್ನು ಎತ್ತಿಕೊಳ್ಳಲು ಒಂದು ಕಾರಣವಿದೆ.

ನಾನು ದುಡಿಯುವ ಬ್ಯಾಂಕಿನ ಶಾಖೆಗೆ ನಮ್ಮವರೊಬ್ಬರು ಬರುತ್ತಾರೆ. ಊರು ಕುಂದಾಪುರ ತಾಲೂಕು, ಇಲ್ಲಿ ಮೂವತ್ತು ವರ್ಷಗಳಿಂದ ಕ್ಯಾಂಟೀನ್ ಕೆಲಸ, ಡೊಂಬಿವಲಿಯಲ್ಲಿ ಒಂದು ಕೋಣೆಯ ಮನೆ. ಮಗನನ್ನು ವಿಮಾನ ನಿರ್ವಹಣೆಯ ಕೋರ್ಸಿಗೆ ಸೇರಿಸಿ ಶಿಕ್ಷಣ ಸಾಲ ತೆಗೆದಿದ್ದರು. ಕಂತು ಮೂರು ತಿಂಗಳಿಂದ ಬಾಕಿ. ಪಾಸ್‌ಬುಕ್ ಎಂಟ್ರಿ ಮಾಡಿಸಲು ಬಂದವರು ಕೌಂಟರಿಗೆ ಕೈಯೂರಿ ನಿಂತು ಕೇಳಿದರು: "ಅಲ್ಲ ಮಾರಾಯ್ರೆ, ಹುಡುಗ ಪಾಸಾಗಿದ್ದಾನೆ, ಸರಕಾರದ ಲೈಸೆನ್ಸೂ ಬಂದಿದೆ. ಇನ್ನು ಅದೆಂಥದ್ದೋ ಟೈಪ್ ರೇಟಿಂಗ್ ಬೇಕಂತೆ. ಟೈಪಿಂಗ್ ಅವನಿಗೆ ಬರ್ತದಲ್ಲ?"

ಪಕ್ಕದ ಕೌಂಟರಿನವರು ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಅಂದು ನನಗೂ ಅದರ ಅರ್ಥ ತಿಳಿದಿರಲಿಲ್ಲ. ಕಾಮರ್ಸ್ ಓದಿದವನಿಗೆ ವಿಮಾನದ ವಿಷಯ ಎಲ್ಲಿಂದ ತಿಳಿಯಬೇಕು? ಆಮೇಲೆ ಕಲಿನಾದ ಹ್ಯಾಂಗರಿನಲ್ಲಿ ದುಡಿದು ನಿವೃತ್ತರಾದ ನಮ್ಮ ಹಿರಿಯರೊಬ್ಬರ ಮನೆಗೆ ಎರಡು ಭಾನುವಾರ ಹೋಗಿ ಕುಳಿತು, ಡಿಜಿಸಿಎ ನಿಯಮಗಳನ್ನು ಓದಿ ತಿಳಿದುಕೊಂಡೆ.

ವಿಮಾನವೊಂದು ದುರಸ್ತಿಯಾದ ಮೇಲೆ ಅದು ಹಾರಲು ಯೋಗ್ಯ ಎಂದು ಯಾರಾದರೊಬ್ಬರು ಸಹಿ ಹಾಕಬೇಕು. ಆ ಸಹಿ ಬೀಳದೆ ಪ್ರಯಾಣಿಕರು ಹತ್ತುವಂತಿಲ್ಲ. ಈ ಸಹಿಯ ಅಧಿಕಾರ ಕೊಡುವುದೇ ವಿಮಾನ ನಿರ್ವಹಣಾ ಎಂಜಿನಿಯರ್ ಲೈಸೆನ್ಸ್. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಸಿಎಆರ್-66 ಎಂಬ ನಿಯಮದಡಿ ಇದನ್ನು ಕೊಡುತ್ತದೆ. ಈ ನಿಯಮ ಯುರೋಪಿನ ಪದ್ಧತಿಯನ್ನು ಅನುಸರಿಸಿ ರೂಪಿಸಿದ್ದು. ಬಿ-1 ಎಂದರೆ ವಿಮಾನದ ಒಡಲು, ಎಂಜಿನ್, ಯಾಂತ್ರಿಕ ಮತ್ತು ವಿದ್ಯುತ್ ವ್ಯವಸ್ಥೆ. ಬಿ-2 ಎಂದರೆ ರೇಡಿಯೊ, ನೇವಿಗೇಶನ್, ಆಟೋಪೈಲಟ್ ಮುಂತಾದ ಇಲೆಕ್ಟ್ರಾನಿಕ್ ಭಾಗ. ಬಿ-1ರಲ್ಲೇ ನಾಲ್ಕು ಒಳವಿಭಾಗ. ಜೆಟ್ ವಿಮಾನಗಳಲ್ಲಿ ಕೆಲಸ ಬಯಸುವವನಿಗೆ ಬೇಕಾದುದು ಬಿ-1.1. ಪಿಸ್ಟನ್ ಎಂಜಿನಿನ ಸಣ್ಣ ವಿಮಾನಕ್ಕೆ ಬಿ-1.2, ಹೆಲಿಕಾಪ್ಟರುಗಳಿಗೆ ಬಿ-1.3 ಮತ್ತು ಬಿ-1.4. ಪರೀಕ್ಷೆಗಳು ಮಾಡ್ಯೂಲ್ ಎಂಬ ಹೆಸರಿನಲ್ಲಿ ಬಿಡಿಬಿಡಿಯಾಗಿ ನಡೆಯುತ್ತವೆ. ಗಣಿತ, ಭೌತಶಾಸ್ತ್ರದಿಂದ ತೊಡಗಿ ಗ್ಯಾಸ್ ಟರ್ಬೈನ್ ಎಂಜಿನ್, ವಾಯುಯಾನದ ಕಾನೂನು, ಮನುಷ್ಯ ಎಲ್ಲಿ ಹೇಗೆ ತಪ್ಪು ಮಾಡುತ್ತಾನೆ ಎಂಬ ವಿಷಯದವರೆಗೂ ಓದಬೇಕು. ಪಾಸಾಗಲು ಪ್ರತಿಯೊಂದರಲ್ಲೂ ಶೇ. 75 ಅಂಕ ಬೇಕು. ನಮ್ಮ ಕಾಲದಲ್ಲಿ 35 ಬಂದರೆ ದೇವರಿಗೆ ಕಾಯಿ ಒಡೆಯುತ್ತಿದ್ದೆವು.

ಇಷ್ಟೆಲ್ಲ ಪಾಸಾಗಿ, ಅನುಭವದ ಅವಧಿ ಮುಗಿಸಿ, ಲೈಸೆನ್ಸ್ ಕೈಗೆ ಬಂತು ಎನ್ನೋಣ. ಹುಡುಗ ಈಗ ವಿಮಾನಕ್ಕೆ ಸಹಿ ಹಾಕಬಹುದೇ? ದೊಡ್ಡ ವಿಮಾನಕ್ಕೆ, ಇಲ್ಲ. ಆ ಲೈಸೆನ್ಸಿನಲ್ಲಿ ವಿಮಾನಗಳ ಹೆಸರು ಬರೆಯುವ ಜಾಗವೊಂದಿದೆ. ಅದು ಖಾಲಿ ಇರುತ್ತದೆ. ಯಾವ ಮಾದರಿಯ ವಿಮಾನದ ಹೆಸರು ಅಲ್ಲಿ ನಮೂದಾಗುತ್ತದೋ ಆ ಮಾದರಿಗೆ ಮಾತ್ರ ಸಹಿಯ ಅಧಿಕಾರ. ಇದೇ ಟೈಪ್ ರೇಟಿಂಗ್. ವಿಮಾನದ ಹೆಸರೊಂದೇ ಅಲ್ಲ, ಅದರ ಎಂಜಿನಿನ ಹೆಸರೂ ಜೊತೆಯಲ್ಲಿರುತ್ತದೆ. ಏರ್‌ಬಸ್ ಎ-320ಕ್ಕೆ ಸಿಎಫ್‌ಎಂ-56 ಎಂಜಿನ್ ಇದ್ದರೆ ಒಂದು ರೇಟಿಂಗ್. ಅದೇ ಕುಟುಂಬದ ಹೊಸ ನಿಯೋ ವಿಮಾನಕ್ಕೆ ಪ್ರಾಟ್ ಆಂಡ್ ವಿಟ್ನಿ ಎಂಜಿನ್ ಇದ್ದರೆ ಬೇರೆ, ಲೀಪ್ ಎಂಜಿನ್ ಇದ್ದರೆ ಮತ್ತೂ ಬೇರೆ. ಬ್ಯಾಂಕಿನಲ್ಲಿ ಅಧಿಕಾರಿ ಎನಿಸಿಕೊಂಡವರೆಲ್ಲ ಎಲ್ಲ ಸಾಲವನ್ನೂ ಮಂಜೂರು ಮಾಡುವಂತಿಲ್ಲ. ಯಾವ ಸಾಲ, ಎಷ್ಟು ಮೊತ್ತ ಎಂಬ ಮಿತಿ ಅವರ ಅಧಿಕಾರಪತ್ರದಲ್ಲಿ ಬರೆದಿರುತ್ತದೆ. ಇದೂ ಹಾಗೆಯೇ. ರೇಟಿಂಗ್ ಸಿಕ್ಕ ಮೇಲೂ ದುಡಿಯುವ ಕಂಪೆನಿ ತನ್ನ ಕಡೆಯಿಂದ ಮತ್ತೊಂದು ಅಧಿಕಾರಪತ್ರ ಕೊಡಬೇಕು. ಬಹಳ ಸಣ್ಣ ವಿಮಾನಗಳಿಗೆ ಗುಂಪು ರೇಟಿಂಗಿನ ಸೌಲಭ್ಯವಿದೆ. ನಮ್ಮ ಮಕ್ಕಳು ಕನಸು ಕಾಣುವ ಏರ್‌ಬಸ್, ಬೋಯಿಂಗುಗಳಿಗೆ ಅದಿಲ್ಲ.

ಇದು ಬರೀ ಕಾಗದದ ಕಿರುಕುಳ ಎಂದು ಯಾರಿಗಾದರೂ ಅನಿಸಿದರೆ ಅವರಿಗೆ 2001ರ ಆಗಸ್ಟ್ 24ರ ಘಟನೆಯನ್ನು ಹೇಳಬೇಕು. ಏರ್ ಟ್ರಾನ್ಸಾಟ್ ಎಂಬ ಕೆನಡಾದ ಕಂಪೆನಿಯ ಏರ್‌ಬಸ್ ಎ-330 ಟೊರಾಂಟೊದಿಂದ ಲಿಸ್ಬನ್ನಿಗೆ 306 ಜನರನ್ನು ಹೊತ್ತು ಅಟ್ಲಾಂಟಿಕ್ ಸಾಗರದ ಮೇಲೆ ಹಾರುತ್ತಿತ್ತು. ಕೆಲವೇ ದಿನಗಳ ಹಿಂದೆ ಅದರ ಬಲಬದಿಯ ಎಂಜಿನ್ ಬದಲಾಯಿಸಲಾಗಿತ್ತು. ಬಂದ ಎಂಜಿನ್ ಅದೇ ರೋಲ್ಸ್ ರಾಯ್ಸ್ ಕಂಪೆನಿಯದು, ಅದೇ ಟ್ರೆಂಟ್ ಮಾದರಿಯದು. ಆದರೆ ಹೈಡ್ರಾಲಿಕ್ ಪಂಪಿನ ಮಟ್ಟಿಗೆ ಅದು ಹಳೆಯ ವಿನ್ಯಾಸದ್ದು, ವಿಮಾನದಲ್ಲಿದ್ದುದು ಹೊಸತು. ಅದನ್ನು ಹೊಂದಿಸಿ ಕೂರಿಸುವಾಗ ಒಂದಕ್ಕೊಂದು ಹೊಂದದ ಎರಡು ಕೊಳವೆಗಳು ಅಕ್ಕಪಕ್ಕ ಸೇರಿದವು. ನಡುವೆ ಇರಬೇಕಾದಷ್ಟು ಅಂತರ ಉಳಿಯಲಿಲ್ಲ. ಹಾರಾಟದಲ್ಲಿ ಒಂದಕ್ಕೊಂದು ಉಜ್ಜಿ ಇಂಧನದ ಕೊಳವೆ ಸೀಳಿತು. ಪೈಲಟ್‌ಗಳು ಸೋರಿಕೆಯನ್ನು ಗುರುತಿಸದೆ ಇನ್ನೊಂದು ಬದಿಯ ಇಂಧನವನ್ನೂ ಅತ್ತ ಹರಿಸಿದ್ದರಿಂದ ಎರಡೂ ಎಂಜಿನ್ ನಿಂತುಹೋದವು. ಕೊನೆಗೆ ಸುಮಾರು 120 ಕಿಲೋಮೀಟರ್ ದೂರ ಎಂಜಿನ್ ಇಲ್ಲದೆಯೇ ತೇಲಿ ಬಂದು ಅಜೋರ್ಸ್ ದ್ವೀಪದ ಲಾಜೆಸ್ ನಿಲ್ದಾಣದಲ್ಲಿ ಇಳಿಸಿದರು. ಎಲ್ಲರೂ ಬದುಕಿದರು. ಎಂಜಿನ್ ಕೂರಿಸಿದವರು ಅನುಭವವಿಲ್ಲದವರೇನೂ ಅಲ್ಲ. ಬಲ್ಲವರ ಕೈಯಲ್ಲೇ, ಒಂದೇ ಎಂಜಿನಿನ ಹಳೆಯದು-ಹೊಸದರ ನಡುವೆಯೇ ಇಷ್ಟು ಅನಾಹುತ ಸಾಧ್ಯವಾದರೆ, ಬೋಯಿಂಗ್ ಕಲಿತವನು ಏರ್‌ಬಸ್‌ಗೆ ಸಹಿ ಹಾಕಿದರೆ ಏನಾದೀತು? ಆದುದರಿಂದ ಟೈಪ್ ರೇಟಿಂಗ್ ಬೇಡ, ಸಡಿಲಿಸಿ ಎಂದು ನಾವು ಹೇಳುತ್ತಿಲ್ಲ. ಅದು ಇರಲೇಬೇಕು. ನಮ್ಮ ತಕರಾರು ಬೇರೆ.

ಟೈಪ್ ರೇಟಿಂಗ್ ಎಂಬುದೊಂದಿದೆ, ಅದಕ್ಕೆ ಬೇರೆ ಸಮಯ ಮತ್ತು ಬೇರೆ ಹಣ ಬೇಕು ಎಂಬುದನ್ನು ಪ್ರವೇಶದ ದಿನ ನಮ್ಮವರಿಗೆ ಯಾರೂ ಹೇಳುತ್ತಿಲ್ಲ. ಜಾಹೀರಾತಿನಲ್ಲಿ ಹೊಳೆಯುವ ವಿಮಾನದ ಚಿತ್ರವಿರುತ್ತದೆ, ಸಮವಸ್ತ್ರ ತೊಟ್ಟ ಹುಡುಗ-ಹುಡುಗಿಯರಿರುತ್ತಾರೆ, 'ಶೇ. 100 ಉದ್ಯೋಗ' ಎಂದು ಬರೆದಿರುತ್ತದೆ. ಯಾವ ಉದ್ಯೋಗ ಎಂದು ಬರೆದಿರುವುದಿಲ್ಲ. ರೇಟಿಂಗ್ ಇಲ್ಲದವನಿಗೆ ಹ್ಯಾಂಗರಿನಲ್ಲಿ ಕೆಲಸವೇ ಇಲ್ಲವೆಂದಲ್ಲ. ಟೆಕ್ನೀಶಿಯನ್, ಸಹಾಯಕ ಎಂದು ಗುತ್ತಿಗೆಯ ಮೇಲೆ ತೆಗೆದುಕೊಳ್ಳುತ್ತಾರೆ. ಸ್ಪ್ಯಾನರ್ ಹಿಡಿಯುವವನು ಇವನು, ಸಹಿ ಹಾಕುವವರು ಇನ್ನೊಬ್ಬರು. ಸಂಬಳದಲ್ಲಿ ಇಬ್ಬರಿಗೂ ಬಹಳ ಅಂತರ.

ಇನ್ನು ಲೆಕ್ಕಕ್ಕೆ ಬರೋಣ. ಅದು ನನಗೆ ತಿಳಿದ ವಿಷಯ.

ಮಾನ್ಯತೆಯಿರುವ ಸಂಸ್ಥೆಯಲ್ಲಿ ಬಿ-1.1 ಕೋರ್ಸ್ ಎಂದರೆ 2,400 ಗಂಟೆಗಳ ಪಾಠ ಮತ್ತು ತರಬೇತಿ, ಸುಮಾರು ಎರಡು ವರ್ಷ. ಅನಂತರ ಹಾರಾಟದಲ್ಲಿರುವ ವಿಮಾನಗಳ ಮೇಲೆ ಎರಡು ವರ್ಷದ ಕೆಲಸದ ಅನುಭವ. ಆಮೇಲೆ ಲೈಸೆನ್ಸ್. ಆಮೇಲೆ ಟೈಪ್ ಕೋರ್ಸ್. ಇತ್ತ ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದ ನಿಯಮದಲ್ಲಿ ಕೋರ್ಸಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. 4 ಲಕ್ಷದವರೆಗೆ ಅಡಮಾನವೂ ಬೇಡ. 4 ಲಕ್ಷ ಸಾಲವನ್ನು ವರ್ಷಕ್ಕೆ 2 ಲಕ್ಷದಂತೆ ತೆಗೆದರು, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಮೂರು ವರ್ಷ ಮುಗಿಯುವಾಗ ಮೊದಲ 2 ಲಕ್ಷಕ್ಕೆ 60 ಸಾವಿರ, ಎರಡನೆಯದಕ್ಕೆ 40 ಸಾವಿರ, ಒಟ್ಟು ಒಂದು ಲಕ್ಷ ಸರಳ ಬಡ್ಡಿ ಸೇರಿ ಸಾಲ 5 ಲಕ್ಷವಾಗಿ ನಿಂತಿರುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 6,600 ರೂಪಾಯಿ ಕಂತು. ಈ ಕಂತು ಶುರುವಾಗುವುದು ಮೂರು ವರ್ಷ ಮುಗಿದೊಡನೆ. ಹುಡುಗನ ಕೈಗೆ ಲೈಸೆನ್ಸ್ ಬರುವುದು ಎಲ್ಲ ಸರಿಯಾಗಿ ನಡೆದರೆ ನಾಲ್ಕು ವರ್ಷದ ಮೇಲೆ. ಮಾಡ್ಯೂಲ್ ಒಂದೆರಡು ಉಳಿದರೆ ಐದು, ಆರು. ಸಹಿಯ ಸಂಬಳ ಬರುವುದು ಅದಕ್ಕೂ ಆಚೆ. ಅಂದರೆ ಕಂತು ಕಟ್ಟುವವರು ಯಾರು? ಕ್ಯಾಂಟೀನಿನ ಕೆಲಸದ ತಂದೆ.

ಆ ಹೊತ್ತಿಗೆ ಟೈಪ್ ಕೋರ್ಸಿಗೆ ಮತ್ತೆ ಲಕ್ಷಗಟ್ಟಲೆ ಹಣ ಬೇಕಾಗುತ್ತದೆ. ಹಳೆಯ ಸಾಲ ಬಾಕಿಯಿದ್ದರೆ ಹೊಸ ಸಾಲ ಸಿಗುವುದಿಲ್ಲ. ಆಗ ನಮ್ಮವರು ಚೀಟಿ ಎತ್ತುತ್ತಾರೆ, ಮಾಂಗಲ್ಯದ ಸರವನ್ನೊಂದು ಬಿಟ್ಟು ಉಳಿದ ಚಿನ್ನ ಅಡವಿಡುತ್ತಾರೆ. ವಿಮಾನ ಕಂಪೆನಿಯೇ ಖರ್ಚು ಹಾಕಿ ರೇಟಿಂಗ್ ಮಾಡಿಸುವುದುಂಟು. ಅದಕ್ಕೆ ಪ್ರತಿಯಾಗಿ ಇಂತಿಷ್ಟು ವರ್ಷ ಬಿಟ್ಟುಹೋಗುವಂತಿಲ್ಲ ಎಂದು ಬಾಂಡ್ ಬರೆಸಿಕೊಳ್ಳುತ್ತದೆ. ಬಾಂಡ್ ಎಂದೊಡನೆ ಬೆದರಬೇಕಿಲ್ಲ, ಓದಿ ಸಹಿ ಹಾಕಿದರಾಯಿತು. ನನ್ನ ಅಭಿಪ್ರಾಯದಲ್ಲಿ ಬಡವರ ಮಕ್ಕಳಿಗೆ ಅದೇ ಒಳ್ಳೆಯ ದಾರಿ.

ಸ್ವಂತ ಹಣದಲ್ಲಿ ಮಾಡುವವರಿಗೆ ಇನ್ನೊಂದು ಗುಂಡಿ ಕಾದಿದೆ. ಟೈಪ್ ತರಬೇತಿ ಎಂದರೆ ತರಗತಿಯ ಪಾಠ ಮಾತ್ರವಲ್ಲ. 50 ಟನ್‌ಗಿಂತ ಭಾರದ ವಿಮಾನಕ್ಕೆ ಯುರೋಪಿನ ಮೂಲ ನಿಯಮದಲ್ಲಿ ಬಿ-1.1ರವರಿಗೆ ಕನಿಷ್ಠ 150 ಗಂಟೆ, ಬಿ-2ರವರಿಗೆ 100 ಗಂಟೆ ಪಾಠ. ಪಾಠದ ನಂತರ ಅದೇ ಮಾದರಿಯ ವಿಮಾನದ ಮೇಲೆ ಪ್ರಾಯೋಗಿಕ ತರಬೇತಿ ಮತ್ತು ಮೌಲ್ಯಮಾಪನ. ಆ ವಿಭಾಗದಲ್ಲಿ ಮೊದಲ ರೇಟಿಂಗ್ ಆಗಿದ್ದರೆ ಹಿರಿಯರ ಕೈಕೆಳಗೆ ನಿಜವಾದ ಕೆಲಸ ಮಾಡಿ ಕಲಿಯುವ ಅವಧಿ ಬೇರೆ. ಪಾಠ ಎಲ್ಲಿಯಾದರೂ ಹಣ ಕಟ್ಟಿ ಕೇಳಬಹುದು. ವಿಮಾನ ಎಲ್ಲಿಂದ ತರುವುದು? ಸಿಎಆರ್-145 ಮಾನ್ಯತೆಯಿರುವ ನಿರ್ವಹಣಾ ಸಂಸ್ಥೆಯೊಂದು ಒಳಗೆ ಬಿಟ್ಟುಕೊಂಡರೆ ಮಾತ್ರ ಅದು ಸಾಧ್ಯ. ಮತ್ತು ಇದೆಲ್ಲವೂ ರೇಟಿಂಗಿಗೆ ಅರ್ಜಿ ಹಾಕುವ ದಿನದ ಹಿಂದಿನ ಮೂರು ವರ್ಷದೊಳಗೆ ಆರಂಭವಾಗಿ ಮುಗಿದಿರಬೇಕು. ಪಾಠ ಮುಗಿಸಿ ಸರ್ಟಿಫಿಕೇಟನ್ನು ಕಪಾಟಿನಲ್ಲಿಟ್ಟು ಅವಕಾಶಕ್ಕೆ ಕಾಯುತ್ತ ಕುಳಿತರೆ ಮೂರು ವರ್ಷಕ್ಕೆ ಅದು ಬರೀ ಕಾಗದ. ಕಟ್ಟಿದ ಹಣ ಹೋಯಿತು.

ಯಾವ ಮಾದರಿಯನ್ನು ಆರಿಸಿಕೊಳ್ಳಬೇಕು ಎಂಬುದೂ ಸುಲಭದ ಮಾತಲ್ಲ. 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್ ನಿಂತುಹೋದಾಗ ಈ ನಗರದಲ್ಲಿ ಎಷ್ಟು ಮನೆಗಳಲ್ಲಿ ಒಲೆ ತಣ್ಣಗಾಯಿತು ಎಂಬುದು ನಮ್ಮ ಓದುಗರಿಗೆ ನೆನಪಿರಬಹುದು. ಅವರ ಬಳಿಯಿದ್ದ ವಿಮಾನಗಳಲ್ಲಿ ಹೆಚ್ಚಿನವು ಬೋಯಿಂಗ್ 737. ದೇಶದಲ್ಲಿ ಆಗ ಬೆಳೆಯುತ್ತಿದ್ದ ಇಂಡಿಗೋದಲ್ಲಿದ್ದುದು ಏರ್‌ಬಸ್ 320 ಮತ್ತು ಎಟಿಆರ್. ಹದಿನೈದು-ಇಪ್ಪತ್ತು ವರ್ಷ 737ಕ್ಕೆ ಸಹಿ ಹಾಕಿದವರೂ ಹೊಸ ರೇಟಿಂಗಿಗೆ ಮತ್ತೆ ಬೆಂಚಿನ ಮೇಲೆ ಕೂರಬೇಕಾಯಿತು. 2022ರಲ್ಲಿ ಆಕಾಸ ಏರ್ 737 ಮ್ಯಾಕ್ಸ್ ವಿಮಾನಗಳೊಂದಿಗೆ ಆರಂಭವಾಯಿತು. ಅದಕ್ಕೂ ಹಳೆಯ 737ರ ರೇಟಿಂಗ್ ನೇರವಾಗಿ ನಡೆಯದು, ವ್ಯತ್ಯಾಸದ ತರಬೇತಿ ಬೇಕು. ಅದಕ್ಕೂ ಮೊದಲು 2012ರಲ್ಲಿ ಬೆಂಗಳೂರಿನ ಕಿಂಗ್‌ಫಿಷರ್, ಅನಂತರ 2023ರ ಮೇಯಲ್ಲಿ ಗೋ ಫಸ್ಟ್ ನಿಂತವು. ಗೋ ಫಸ್ಟ್ ನಿಂತುದಕ್ಕೆ ಕಂಪೆನಿ ಕೊಟ್ಟ ಕಾರಣವೇ ಪ್ರಾಟ್ ಆಂಡ್ ವಿಟ್ನಿ ಎಂಜಿನುಗಳ ತೊಂದರೆ. ಒಂದು ಸಮಾಧಾನವೆಂದರೆ, ಮೊದಲ ರೇಟಿಂಗ್ ಪಡೆದವನಿಗೆ ಅದೇ ವಿಭಾಗದಲ್ಲಿ ಎರಡನೆಯದಕ್ಕೆ ಹಿರಿಯರ ಕೈಕೆಳಗಿನ ಆ ದೀರ್ಘ ಅವಧಿ ಬೇಡ. ಮೊದಲ ಹೆಸರು ಲೈಸೆನ್ಸಿನಲ್ಲಿ ಬೀಳುವವರೆಗೆ ಮಾತ್ರ ಈ ಪಾಡು. ಕೈ ಹಿಡಿಯಬೇಕಾದುದು ಅಲ್ಲಿಯೇ.

ಈಗ ನಮ್ಮ ಸಂಘ-ಸಂಸ್ಥೆಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಜಾತಿ ಸಂಘವಿರಲಿ, ಊರ ಸಂಘವಿರಲಿ, ಕನ್ನಡ ಸಂಘವಿರಲಿ, ವಿದ್ಯಾನಿಧಿಯೊಂದು ಇದ್ದೇ ಇರುತ್ತದೆ. ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರು ಕೊಟ್ಟ ದತ್ತಿಯ ಹಣವದು. ಅದನ್ನು ನಾವು ಇಂದು ಅಂಕಪಟ್ಟಿ ನೋಡಿ, ಎರಡು ಸಾವಿರ, ಮೂರು ಸಾವಿರದ ಲಕೋಟೆ ಮಾಡಿ, ಇನ್ನೂರು ಮಕ್ಕಳಿಗೆ ಹಂಚಿ ಫೋಟೊ ತೆಗೆಸಿಕೊಳ್ಳುತ್ತೇವೆ. ಫೋಟೊ ಈ ಪುಟದಲ್ಲೇ ಅಚ್ಚಾಗುತ್ತದೆ, ಬೇಡವೆನ್ನುವುದಿಲ್ಲ. ಆದರೆ ಓದಿನ ಆರಂಭದಲ್ಲಿ ಕೊಡುವ ಮೂರು ಸಾವಿರದಿಂದ ಆಗದ ಕೆಲಸ, ಕೊನೆಯ ಮೆಟ್ಟಿಲಲ್ಲಿ ನಿಂತವನಿಗೆ ಬಡ್ಡಿಯಿಲ್ಲದೆ ಕೊಡುವ ಎರಡು ಲಕ್ಷದಿಂದ ಆಗುತ್ತದೆ. ನಿಧಿಯ ಒಂದು ಪಾಲನ್ನು ಇದಕ್ಕೆಂದು ತೆಗೆದಿಡಬಾರದೇ? ದಾನವಾಗಿ ಬೇಡ, ಸಾಲವಾಗಿಯೇ ಇರಲಿ; ಕೆಲಸ ಸಿಕ್ಕ ಮೇಲೆ ಮರಳಿ ಬಂದ ಹಣ ಮುಂದಿನವನಿಗೆ ಹೋಗಲಿ. ಬ್ಯಾಂಕಿನ ಬುದ್ಧಿಯಿಂದ ಒಂದೇ ಷರತ್ತು ಸೇರಿಸುತ್ತೇನೆ: ಪ್ರಾಯೋಗಿಕ ತರಬೇತಿಗೆ ಸೇರಿಸಿಕೊಳ್ಳುತ್ತೇವೆ ಎಂದು ಮಾನ್ಯತೆಯಿರುವ ನಿರ್ವಹಣಾ ಸಂಸ್ಥೆಯ ಪತ್ರ ತಂದವನಿಗೆ ಮಾತ್ರ ಹಣ. ಬರೀ ಪಾಠದ ಶುಲ್ಕಕ್ಕೆ ಒಂದು ಪೈಸೆಯೂ ಬೇಡ.

ಹಣಕ್ಕಿಂತ ಮೊದಲು ಬೇಕಾದುದು ತಿಳಿವಳಿಕೆ. ಕಲಿನಾ, ಸಾಂತಾಕ್ರೂಜ್‌ನ ಹ್ಯಾಂಗರುಗಳಲ್ಲಿ ಆಯುಷ್ಯ ಸವೆಸಿದ ನಮ್ಮವರು ಇಂದು ಬೊರಿವಲಿ, ಮುಲುಂಡ್, ಥಾಣೆಯಲ್ಲಿ ನಿವೃತ್ತ ಜೀವನ ನಡೆಸುತ್ತಿದ್ದಾರೆ. ಅವರನ್ನು ಶಾಲು ಹೊದಿಸಿ ಸನ್ಮಾನಿಸಿದ್ದು ಸಾಕು. ಜೂನ್ ತಿಂಗಳ ಎರಡು ಭಾನುವಾರ ಸಂಘದ ಕಚೇರಿಯಲ್ಲಿ ಅವರನ್ನು ಕೂರಿಸಿ, ಮಕ್ಕಳನ್ನೂ ತಂದೆ-ತಾಯಂದಿರನ್ನೂ ಅವರೆದುರು ಕುಳ್ಳಿರಿಸಿ. ಆ ಸಂಸ್ಥೆಗೆ ಸಿಎಆರ್-147 ಮಾನ್ಯತೆ ಇಂದಿಗೂ ಇದೆಯೇ, ಯಾವ ವಿಭಾಗಕ್ಕೆ ಇದೆ ಎಂದು ಡಿಜಿಸಿಎ ಪಟ್ಟಿಯಲ್ಲಿ ನೋಡಿ ಹೇಳಲು ಅವರಿಗೆ ಐದು ನಿಮಿಷ ಸಾಕು. ಎರಡು ವರ್ಷದ ಅನುಭವಕ್ಕೆ ಸಂಸ್ಥೆ ಎಲ್ಲಿಗೆ ಕಳುಹಿಸುತ್ತದೆ, ಲಿಖಿತ ಒಪ್ಪಂದ ಇದೆಯೇ, ಹಿಂದಿನ ತಂಡದಲ್ಲಿ ಲೈಸೆನ್ಸ್ ಪಡೆದವರೆಷ್ಟು, ಅವರಲ್ಲಿ ರೇಟಿಂಗ್ ಪಡೆದವರೆಷ್ಟು ಎಂದು ಪ್ರಾಂಶುಪಾಲರನ್ನು ಕೇಳುವ ಧೈರ್ಯ ಕ್ಯಾಂಟೀನಿನ ತಂದೆಗೆ ಬರುವುದು ಕಷ್ಟ. ಮೂವತ್ತು ವರ್ಷ ವಿಮಾನಕ್ಕೆ ಸಹಿ ಹಾಕಿದವರಿಗೆ ಕಷ್ಟವಲ್ಲ. ಏರೋನಾಟಿಕಲ್ ಬಿ.ಇ. ಪದವಿ ಬೇರೆ, ಈ ಲೈಸೆನ್ಸ್ ಬೇರೆ ಎಂಬುದನ್ನೂ ಅವರೇ ವಿವರಿಸಲಿ, ಬಿ.ಇ. ಮಾಡಿದ ಮಾತ್ರಕ್ಕೆ ಸಹಿಯ ಅಧಿಕಾರ ಬರುವುದಿಲ್ಲವೆಂದು ತಿಳಿಯದೆ ಊರಿನ ಕಾಲೇಜುಗಳಲ್ಲಿ ನಾಲ್ಕು ವರ್ಷ ಓದಿದವರೂ ಇದ್ದಾರೆ. ಹೆಣ್ಣುಮಕ್ಕಳಿಗೆ ಈ ಕೆಲಸವೇ ಎಂದು ಮೂಗುಮುರಿಯುವವರಿಗೂ ಅವರು ಉತ್ತರ ಹೇಳಲಿ.

ಕೆಲಸ ಊರಿನ ಕಡೆಗೂ ಹೋಗುತ್ತಿದೆ. 2020ರಲ್ಲಿ ವಿಮಾನ ದುರಸ್ತಿ ಸೇವೆಯ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದ ಮೇಲೆ ದೇಶದೊಳಗೇ ದುರಸ್ತಿ ಮಾಡಿಸುವತ್ತ ಕಂಪೆನಿಗಳು ಒಲವು ತೋರುತ್ತಿವೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಬಳಿ ಏರ್ ಇಂಡಿಯಾದ ದೊಡ್ಡ ನಿರ್ವಹಣಾ ಕೇಂದ್ರಕ್ಕೆ 2024ರಲ್ಲಿ ಕಾಮಗಾರಿ ಆರಂಭವಾಯಿತು. ಮುಂಬಯಿಯಲ್ಲಿ ಬೆಳೆದ ನಮ್ಮ ಹುಡುಗರು ಕನ್ನಡ ಬಲ್ಲವರು, ಹಿಂದಿ-ಮರಾಠಿ-ಇಂಗ್ಲಿಷ್ ಬಲ್ಲವರು. ಲೈಸೆನ್ಸಿನಲ್ಲಿ ಒಂದು ವಿಮಾನದ ಹೆಸರಿದ್ದರೆ ಅಲ್ಲಿಗೂ ಹೋಗಬಹುದು, ಗಲ್ಫಿಗೂ ಹೋಗಬಹುದು.

ಕೌಂಟರಿಗೆ ಬಂದಿದ್ದ ಆ ತಂದೆಯ ವಿಷಯ ಹೇಳುವುದು ಉಳಿಯಿತು. ಮಗ ಚೀಟಿಯ ಹಣದಿಂದ ಟೈಪ್ ಕೋರ್ಸಿನ ಪಾಠವನ್ನು ಮುಗಿಸಿದ್ದಾನೆಂದು ಆಮೇಲೆ ತಿಳಿಯಿತು. ಜಾಹೀರಾತಿನಲ್ಲಿ ಎ-320 ಎಂದಷ್ಟೇ ಇತ್ತಂತೆ. ಸರ್ಟಿಫಿಕೇಟ್ ತರಿಸಿ ನೋಡಿದೆ: ಸಿಎಫ್‌ಎಂ-56 ಎಂಜಿನ್, ಬಿ-1.1. ಪಾಠ ಆರಂಭವಾಗಿ ಎರಡೂವರೆ ವರ್ಷವಾಗಿದೆ. ಪ್ರಾಯೋಗಿಕ ತರಬೇತಿಗೆ ಒಳಗೆ ಬಿಟ್ಟುಕೊಳ್ಳುವವರು ಇನ್ನೂ ಸಿಕ್ಕಿಲ್ಲ. ಆರು ತಿಂಗಳು ಬಾಕಿಯಿದೆ. ಹುಡುಗ ಈಗ ರಾತ್ರಿ ಪಾಳಿಯಲ್ಲಿ ಒಂದು ಕೊರಿಯರ್ ಗೋದಾಮಿನಲ್ಲಿ ದುಡಿದು ಹಗಲು ಹ್ಯಾಂಗರುಗಳಿಗೆ ಅರ್ಜಿ ಹಾಕುತ್ತಿದ್ದಾನೆ. ನಿರ್ವಹಣಾ ಸಂಸ್ಥೆಗಳಲ್ಲಿ ಪರಿಚಯವಿರುವ ಓದುಗ ಬಂಧುಗಳು ನಮ್ಮ ಪತ್ರಿಕಾ ಕಚೇರಿಗೆ ತಿಳಿಸಿದರೆ ಹುಡುಗನಿಗೆ ತಲುಪಿಸಲಾಗುವುದು.